ರುಚಿ ನೋಡುವವರ ಗಡಿಗೆ

ಹಿಂದೂಪುರದ ನೇಕಾರರ ಬೀದಿಯಲ್ಲಿ ರಾಮಕ್ಕ ಅನ್ನುವ ಹೆಸರಿನವರು ಆಗ ನಾಲ್ಕು ಜನ ಇದ್ದರು. ಒಬ್ಬಳು ಮೂಲೆಮನೆ ರಾಮಕ್ಕ, ಒಬ್ಬಳು ಕುಳ್ಳಿ ರಾಮಕ್ಕ, ಇನ್ನೊಬ್ಬಳು ಬಾಯಿಗೆ ಹೆದರಿ ಯಾರೂ ಅಡ್ಡಹೆಸರು ಇಡದೆ ಬಿಟ್ಟ ರಾಮಕ್ಕ. ನಾಲ್ಕನೆಯವಳು ಗಂಜಿ ರಾಮಕ್ಕ. ಈ ಕಥೆ ಅವಳದು.

ಗಂಜಿ ಅಂದೊಡನೆ ಹೊಟ್ಟೆಗೆ ಕುಡಿಯುವ ಗಂಜಿ ಅಂದುಕೊಳ್ಳಬೇಡಿ. ಇದು ನೂಲಿನ ಗಂಜಿ. ಹತ್ತಿಯ ನೂಲನ್ನು ಹಾಗೇ ಮಗ್ಗಕ್ಕೆ ಏರಿಸಿದರೆ ಅದು ಒಂದು ಗಳಿಗೆಯೂ ತಾಳುವುದಿಲ್ಲ, ಪಟಪಟ ಹರಿಯುತ್ತದೆ. ಅದಕ್ಕೇ ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನೆಲ್ಲ ಒಟ್ಟು ಮಾಡಿ, ಬೆಳಗಿನ ತಂಪಿನಲ್ಲಿ ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಕುಂಚದಲ್ಲಿ ಗಂಜಿ ಬಳಿಯುತ್ತಾರೆ. ಹಾಗೆ ಎಳೆದು ಕಟ್ಟಿದ ನೂಲಿಗೆ ಹಾಸು ಅನ್ನುತ್ತಾರೆ. ಬಳಿದ ಗಂಜಿ ಒಣಗಿದ ಮೇಲೆ ಎಳೆಗೆ ಕಸುವು ಬರುತ್ತದೆ. ಆ ಗಂಜಿಯಲ್ಲಿ ಗಂಟಿರಬಾರದು. ತೆಳ್ಳಗೂ ಆಗಬಾರದು, ಗಟ್ಟಿಯೂ ಆಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಹರಳು ಉಪ್ಪು ಬೀಳಬಾರದು. ಉಪ್ಪು ಬಿದ್ದ ನೂಲು ಗಾಳಿಯಲ್ಲಿರುವ ತೇವವನ್ನೆಲ್ಲ ಕುಡಿದು ಜಿಗುಟಾಗುತ್ತದೆ, ಎಳೆಗೆ ಎಳೆ ಅಂಟುತ್ತದೆ, ಅವನ್ನು ಬಿಡಿಬಿಡಿಯಾಗಿ ಹಿಡಿಯುವ ಕಬ್ಬಿಣದ ಹಣಿಗೆಗೆ ತುಕ್ಕು ಹಿಡಿಸುತ್ತದೆ. ಇಷ್ಟು ಆ ಬೀದಿಯಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತಿತ್ತು.

ರಾಮಕ್ಕ ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ. ಹದಿನೈದು ತುಂಬುವ ಮೊದಲೇ ಹಿಂದೂಪುರದ ಆದಿನಾರಾಯಣನನ್ನು ಕಟ್ಟಿಕೊಂಡು ಬಂದವಳು. ಗಂಡ ಒಳ್ಳೆಯ ನೇಕಾರ, ಆದರೆ ಎದೆ ಗಟ್ಟಿಯಿರಲಿಲ್ಲ. ಕೆಮ್ಮಿ ಕೆಮ್ಮಿ ಒಂದು ದಿನ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮಗ್ಗ ಆಡಿಸುವ ಕೈ ಹೋದ ಮೇಲೆ ಮಗ್ಗವೂ ಹೋಯಿತು. ಆಗ ಬೀದಿಯ ಯಜಮಾನ ಶಂಕರಯ್ಯನವರು ಮನೆ ಮುಂದೆ ನಿಂತು, "ಅಳ್ತಾ ಕೂತ್ರೆ ಒಲೆ ಉರಿಯಲ್ಲ ಕಣಮ್ಮ. ನಿನ್ ಕೈಯಾಗೆ ಹದ ಐತೆ. ಬೀದಿ ಹಾಸುಗಳಿಗೆಲ್ಲ ನೀನೇ ಗಂಜಿ ಕಾಯ್ಸು" ಅಂದರು. ಹಾಸು ಹಾಕುವವರು ಹಿಂದಿನ ಸಂಜೆ ಹಿಟ್ಟು ತಂದುಕೊಡುವುದು, ಅವಳ ಪಾಲಿಗೆ ಒಂದು ಪಾವು ರಾಗಿ ಬೇರೆ ಕೊಡುವುದು. ಕೋಳಿ ಕೂಗುವ ಹೊತ್ತಿಗೆ ಎದ್ದು ಅವಳು ಗಂಜಿ ಕಾಯಿಸಿಕೊಡುವುದು. ಅಂದಿನಿಂದ ಗಂಜಿ ರಾಮಕ್ಕನೆಂದೇ ಹೆಸರಾಯಿತು, ಹೊಟ್ಟೆಯೂ ತುಂಬಿತು.

ಶಂಕರಯ್ಯನವರ ವಿಷಯ ಈಗಲೇ ಹೇಳಿಬಿಡಬೇಕು. ಅರವತ್ತು ದಾಟಿದ ಮನುಷ್ಯ, ಬಿಳಿ ಮೀಸೆ, ಮಗ್ಗದ ಮುಂದೆ ಕೂತರೆ ಈಗಲೂ ಹುಡುಗರನ್ನು ನಾಚಿಸುವ ಕೈ. ಅವರಿಗಿದ್ದದ್ದು ಒಂದೇ ರೋಗ, ಸ್ವಾಭಿಮಾನ. ಯಾರ ಮನೆಯಲ್ಲೂ ಬಿಟ್ಟಿ ತಿಂದವರಲ್ಲ. ಪೆನುಕೊಂಡದಲ್ಲಿ ಸ್ವಂತ ತಂಗಿಯ ಮಗಳ ಮದುವೆಗೆ ಹೋದಾಗಲೂ ಟವೆಲಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ಛತ್ರದ ಹೊರಗೆ ಹುಣಸೆಮರದ ಕೆಳಗೆ ಕೂತು ಉಂಡು ಬಂದ ಆಸಾಮಿ. ತಂಗಿ ಒಂದು ವರ್ಷ ಮಾತು ಬಿಟ್ಟಿದ್ದಳು. ಕೇಳಿದರೆ, "ಇವತ್ತಿನವರೆಗೂ ಯಾರ ಉಪ್ಪೂ ನನ್ ನಾಲಿಗೆ ಮ್ಯಾಲಿಲ್ಲ ಕಣಪ್ಪ" ಅನ್ನುವರು. ಹಿರಿಯರು ಹೀಗಿದ್ದ ಮೇಲೆ ಬೀದಿ ಬೇರೆ ಹೇಗಿರುತ್ತದೆ. ಮನೆಯಲ್ಲಿ ಒಲೆ ಹೊತ್ತದಿದ್ದರೂ ಬಾಗಿಲು ಹಾಕಿಕೊಂಡು ಮಗ್ಗದ ಸದ್ದು ಮಾಡುತ್ತ ಕೂರುವ ಜನ. ಸದ್ದು ಕೇಳಿದರೆ ಸಾಕು, ಒಳಗೆ ಎಲ್ಲ ಚೆನ್ನಾಗಿದೆ ಅಂತ ಲೆಕ್ಕ.

ಬೀದಿಯ ಕೊನೆಗೆ ಪ್ರೈಮರಿ ಸ್ಕೂಲು. ಅಲ್ಲಿ ಮಧ್ಯಾಹ್ನಕ್ಕೆ ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಿದ್ದರು. ಪರದೇಶದಿಂದ ಮೂಟೆಯಲ್ಲಿ ಬರುತ್ತಿದ್ದ ಗೋಧಿ ರವೆ, ಡಬ್ಬದ ಎಣ್ಣೆ. ಅದಕ್ಕೊಂದು ವಾಸನೆಯೂ ಇತ್ತು. ಆದರೂ ಗಂಟೆ ಹೊಡೆಯುವ ಮುಂಚೆಯೇ ತಟ್ಟೆಗಳ ಸದ್ದು ಬೀದಿಯ ಈ ತುದಿಗೆ ಕೇಳಿಸುತ್ತಿತ್ತು. ಅದು ಬಿಟ್ಟಿ ಊಟವಲ್ಲವೇ ಅಂದರೆ, ಸ್ಕೂಲಿನದು ಸರ್ಕಾರದ್ದು, ಓದಿಗೆ ಕೊಡುವುದು ಅಂತ ಬೀದಿಯವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಬಹಳ ಮನೆಗಳಲ್ಲಿ ಒಲೆ ಹೊತ್ತುತ್ತಿದ್ದುದು ಸಂಜೆಗೆ ಒಂದೇ ಹೊತ್ತು. ನಡುವಿನ ಹೊತ್ತನ್ನು ದಾಟಿಸುತ್ತಿದ್ದುದು ಆ ಉಪ್ಪಿಟ್ಟೇ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಸ್ಕೂಲಿಗೆ ರಜೆ ಬಿಟ್ಟರು. ಮಾರನೆಯ ದಿನ ಮಧ್ಯಾಹ್ನ ರಾಮಕ್ಕ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿಗೆ ಹೊರಟಿದ್ದಳು. ಸ್ಕೂಲಿನ ಗೇಟಿನ ಮುಂದೆ, ಸುಡುವ ಬಿಸಿಲಲ್ಲಿ, ಅದೇ ಬೀದಿಯ ನೇಕಾರ ಶ್ರೀರಾಮುಲುವಿನ ಮಗಳು ಬನಶಂಕರಿ ಅಲ್ಯೂಮಿನಿಯಂ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಏಳು ವರ್ಷದ ಹುಡುಗಿ, ಎರಡು ಕಡೆ ಎರಡು ಜಡೆ, ಒಂದಕ್ಕೆ ಟೇಪಿನ ಬದಲು ಮಗ್ಗದ ಕೆಂಪು ನೂಲು.

"ಏನೇ, ರಜ ಅಂತ ಗೊತ್ತಿಲ್ವೇನೇ? ಬೀಗ ಹಾಕವ್ರೆ" ಅಂದಳು ರಾಮಕ್ಕ.

"ಗೊತ್ತು ದೊಡ್ಡಮ್ಮ."

"ಮತ್ಯಾಕ್ ನಿಂತಿದ್ದೀಯಾ?"

"ಒಂದ್ ವೇಳೆ ತೆಗೆದ್ರೆ ಅಂತ."

ಈ ಮಾತಿಗೆ ಏನು ಹೇಳುತ್ತೀರಿ. ರಾಮಕ್ಕ ಮಾರ್ಕೆಟ್ಟಿನ ದಾರಿ ಬಿಟ್ಟಳು. ಹುಡುಗಿಯ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಬೆಳಗಿನ ಹಾಸಿನ ನೂಲಿಗೆ ಬಳಿದು ಗಡಿಗೆಯ ತಳದಲ್ಲಿ ಉಳಿದ ಗಂಜಿಯಿತ್ತು. ಅದಕ್ಕೆ ನೀರು ಬೆರೆಸಿ, ಉಪ್ಪು ಹಾಕಿ, ಒಂದು ಈರುಳ್ಳಿ ಜಜ್ಜಿ ಮುಂದಿಟ್ಟಳು. ಹುಡುಗಿ ತಟ್ಟೆಯ ಮುಂದೆ ಕೂತಳು, ಆದರೆ ಕೈ ಹಾಕಲಿಲ್ಲ.

"ಬಿಟ್ಟಿ ಉಂಡ್ರೆ ನಮ್ಮಪ್ಪ ಬೈತಾನೆ" ಅಂದಳು.

ಆಗ ರಾಮಕ್ಕನಿಗೆ ಹಂಪಮ್ಮ ನೆನಪಾದಳು.

ಕಲ್ಯಾಣದುರ್ಗದಲ್ಲಿ, ರಾಮಕ್ಕ ಇನ್ನೂ ಲಂಗದ ಹುಡುಗಿಯಾಗಿದ್ದಾಗ, ಅವರ ಮನೆಯ ಎದುರು ಶೆಟ್ಟರ ಅಂಗಡಿ. ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಹಂಪಮ್ಮ ಆ ಮನೆಯ ಯಜಮಾನಿ. ಬೇಸಿಗೆಯಲ್ಲಿ ಅವಳ ಜಗುಲಿಯ ಮುಂದೆ ಕಡಲೆಕಾಯಿ ಒಣಹಾಕುತ್ತಿದ್ದರು. ಹಸಿದ ಮಕ್ಕಳು ಆ ಕಡೆ ಸುಳಿದರೆ ಹಂಪಮ್ಮ, "ಏಯ್, ಗುಬ್ಬಿ ಎಲ್ಲಾ ತಿಂತವೆ, ಓಡ್ಸು ಬಾ" ಅಂತ ಗದರುತ್ತಿದ್ದಳು. ಮಕ್ಕಳು ಹುಷ್ ಹುಷ್ ಅಂತ ಅರ್ಧ ಗಂಟೆ ಓಡಾಡಿದ ಮೇಲೆ, "ಕೂಲಿ ತಗೊಂಡು ಹೋಗ್ರಿ" ಅಂತ ಒಂದೊಂದು ಬೋಗುಣಿ ಅಂಬಲಿ ಕೊಡುತ್ತಿದ್ದಳು. ಕಡಲೆಕಾಯಿಗೆ ಸಿಪ್ಪೆ ಇರುತ್ತದೆ, ಗುಬ್ಬಿ ಅದನ್ನು ಒಡೆಯುವುದಿಲ್ಲ. ಈ ಸಂಗತಿ ರಾಮಕ್ಕನಿಗೆ ಹೊಳೆದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಹೊಳೆದ ದಿನ ನೀರು ಸೇದುತ್ತಿದ್ದವಳು ಬಾವಿಯ ಕಟ್ಟೆಯ ಮೇಲೆ ಕೂತು ಅತ್ತಿದ್ದಳು. ಅಷ್ಟು ಬೇಸಿಗೆ ತಾನು ಕೂಲಿಯೆಂದು ತಲೆ ಎತ್ತಿಕೊಂಡು ಉಂಡದ್ದೆಲ್ಲ ಆ ಮಹಾತಾಯಿಯ ದಯೆ ಎಂದು ಆಗ ಗೊತ್ತಾಯಿತು. ಆ ಹೊತ್ತಿಗೆ ಹಂಪಮ್ಮ ತೀರಿಹೋಗಿದ್ದಳು. ಹೇಳೋಣವೆಂದರೂ ಕಿವಿಯಿರಲಿಲ್ಲ.

ರಾಮಕ್ಕ ಬನಶಂಕರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಬಿಟ್ಟಿ ಯಾರೇ ಕೊಟ್ಟೋರು? ನಂಗೊಂದ್ ಕೆಲ್ಸ ಆಗ್ಬೇಕು. ದಿನಾ ಗಂಜಿ ಕಾಯ್ಸಿ ಕಾಯ್ಸಿ ನನ್ ನಾಲಿಗೆ ಸತ್ತೋಗೈತೆ. ಗಂಜಿ ಹದ ಐತಾ, ಗಂಟು ಐತಾ, ಹುಳಿ ಆಗೈತಾ, ಯಾರಾದ್ರೂ ರುಚಿ ನೋಡಿ ಹೇಳ್ಬೇಕು. ಒಂದ್ ತುತ್ತಲ್ಲಿ ಗೊತ್ತಾಗಲ್ಲ, ತಟ್ಟೆ ಪೂರ್ತಿ ನೋಡ್ಬೇಕು. ಆಯ್ತದಾ ನಿನ್ ಕೈಲಿ?"

ಹುಡುಗಿ ಗಂಭೀರವಾಗಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಯೋಚಿಸಿ, "ಗಂಟಿಲ್ಲ" ಅಂದಳು. ಆಮೇಲೆ ತಟ್ಟೆ ಖಾಲಿಯಾಗುವವರೆಗೂ ಮಾತಿಲ್ಲ.

ಮಾರನೆಯ ದಿನ ಇನ್ನೂ ಮೂವರು ರುಚಿ ನೋಡುವವರನ್ನು ಕರೆದುಕೊಂಡು ಬಂದಳು. ವಾರದಲ್ಲಿ ಹನ್ನೊಂದು ಮಕ್ಕಳಾದರು. ಹುಣಸೆ ಬಿಡಿಸಿದ ಕೂಲಿ, ತನ್ನ ಪಾಲಿನ ಪಾವು ರಾಗಿ, ಎರಡನ್ನೂ ರಾಮಕ್ಕ ಇದಕ್ಕೇ ಸುರಿದಳು. ಒಂದು ದಿನ ಶ್ರೀರಾಮುಲು ಮೂಗಿನ ಮೇಲೆ ಕೋಪ ಹೊತ್ತು ಜಗುಲಿಗೆ ಬಂದ.

"ಏನಕ್ಕ, ನಮ್ ಹುಡ್ಗಿ ನಿಮ್ಮನೇಲಿ ಬಿಟ್ಟಿ ಕೂಳು ತಿಂತವಳೆ ಅಂತ ಬೀದಿಯೆಲ್ಲ ಆಡ್ಕೊಂತೈತೆ."

"ನಿನ್ ಮಗಳನ್ನೇ ಕೇಳಪ್ಪ. ಕೆಲ್ಸಕ್ಕೆ ಬತ್ತವಳೆ, ಕೂಲಿ ಕೊಡ್ತೀನಿ. ಮೊನ್ನೆ ಗಂಜಿ ಸೀದಿದ್ದ ವಾಸನೆ ಅವಳೇ ಕಂಡುಹಿಡಿದ್ಲು."

ಶ್ರೀರಾಮುಲು ಹೆಗಲ ಟವೆಲು ಕೊಡವಿ ಮತ್ತೆ ಹಾಕಿಕೊಂಡ. ಮೆಲ್ಲಗೆ ತೆಲುಗಿನಲ್ಲಿ, "ಸರೇಲೇ ಅಕ್ಕಾ. ಪನಿ ಅಂಟೇ ಪನೇ" ಅಂದು ತಿರುಗಿ ಹೋದ. ಕೆಲಸ ಅಂದರೆ ಕೆಲಸವೇ. ಅವನಿಗೆ ಎಲ್ಲ ಅರ್ಥವಾಗಿತ್ತು. ಮಿಕ್ಕವರಿಗೂ ಆಗಿತ್ತು. ಅರ್ಥವಾಗದಂತೆ ಇರುವುದೂ ಒಂದು ಮರ್ಯಾದೆ ಅಂತ ತಿಳಿದ ಜನ ಅವರು. ಶಂಕರಯ್ಯನವರ ಕಿವಿಗೆ ಮಾತ್ರ ಯಾರೂ ಹಾಕಲಿಲ್ಲ.

ಒಲೆಯ ಮೇಲೆ ಎರಡು ಗಡಿಗೆ. ದೊಡ್ಡದು ನೂಲಿನದು, ಸಣ್ಣದು ಮಕ್ಕಳದು. ಉರುವಲು ಉಳಿಯಲಿ ಅಂತ ಬೆಳಗ್ಗೆಯೇ ಎರಡನ್ನೂ ಕಾಯಿಸಿಬಿಡುವಳು. ಸಣ್ಣದಕ್ಕೆ ಉಪ್ಪು, ದೊಡ್ಡದಕ್ಕೆ ಇಲ್ಲ. ಮೇ ತಿಂಗಳ ನಡುವಿನಲ್ಲಿ ಮಕ್ಕಳು ಹತ್ತೊಂಬತ್ತಾದರು, ಸಣ್ಣ ಗಡಿಗೆ ಸಾಲದಾಯಿತು. ಆ ಸೋಮವಾರ ಇದ್ದದ್ದು ಒಂದೇ ಹಾಸು, ಶಂಕರಯ್ಯನವರದು. ಅದಕ್ಕೆ ಸಣ್ಣ ಗಡಿಗೆಯೇ ಧಾರಾಳ. ಹಾಗಾದರೆ ಈ ಹೊತ್ತು ಅದಲು ಬದಲು ಮಾಡೋಣ ಅಂತ ಮಕ್ಕಳ ಗಂಜಿಯನ್ನು ದೊಡ್ಡದರಲ್ಲಿ, ನೂಲಿನ ಗಂಜಿಯನ್ನು ಸಣ್ಣದರಲ್ಲಿ ಇಟ್ಟಳು. ತಲೆ ಬದಲಾಯಿಸಿದ್ದನ್ನು ಕೈಗೆ ಯಾರು ಹೇಳಬೇಕು? ಮೂರು ವಾರದ ಅಭ್ಯಾಸದ ಕೈ ಉಪ್ಪಿನ ಮರಿಗೆಗೆ ಹೋಯಿತು, ಒಂದು ಹಿಡಿ ತೆಗೆಯಿತು, ಸೀದಾ ಸಣ್ಣ ಗಡಿಗೆಗೆ ಹಾಕಿತು.

ಮಧ್ಯಾಹ್ನ ಮಕ್ಕಳು ಸಾಲಾಗಿ ಕೂತರು. ಬನಶಂಕರಿ ಮೊದಲ ಗುಟುಕಿಗೇ ಮುಖ ಕಿವುಚಿದಳು.

"ದೊಡ್ಡಮ್ಮ, ಇವತ್ತು ಸಪ್ಪೆ. ಉಪ್ಪೇ ಇಲ್ಲ."

"ಇಲ್ದೆ ಏನೇ, ಹಾಕಿದ್ದೆ ಕಣೆ" ಅನ್ನುತ್ತ ರಾಮಕ್ಕ ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೆಕ್ಕಿದಳು. ಸಪ್ಪೆ. ಹಾಗಾದರೆ ಬೆಳಗ್ಗೆ ಹಾಕಿದ ಆ ಹಿಡಿ ಉಪ್ಪು ಎಲ್ಲಿಗೆ ಹೋಯಿತು?

ಹೋದದ್ದು ಸಣ್ಣ ಗಡಿಗೆಗೆ, ನೂಲಿನ ಗಂಜಿಗೆ. ಮಕ್ಕಳ ತಟ್ಟೆಗೆ ಒಂದೊಂದು ಚಿಟಿಕೆ ಉಪ್ಪು ಉದುರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಶಂಕರಯ್ಯನವರ ಮನೆಗೆ ಓಡಿದಳು. ಹಾಸು ಒಣಗಿ, ಸುತ್ತಿ, ಆಗಲೇ ಮಗ್ಗ ಏರುತ್ತಿತ್ತು. ಲೇಪಾಕ್ಷಿಯ ಮದುವೆ ಮನೆಯೊಂದಕ್ಕೆ ನಾಲ್ಕು ಸೀರೆ. ತಿಂಗಳ ಕೊನೆಗೆ ಮುಟ್ಟಿಸುತ್ತೇನೆ ಅಂತ ಶಂಕರಯ್ಯನವರು ಮಾತು ಕೊಟ್ಟಿದ್ದರು. ಅವಳನ್ನು ಕಂಡು ಅವರು ಅಪರೂಪಕ್ಕೆ ನಕ್ಕರು.

"ಬಾರಮ್ಮ. ಇವತ್ತಿನ ಗಂಜಿ ಬಲು ಹದವಾಗಿತ್ತು. ನೂಲು ತಂತಿ ಆದಂಗೆ ಆಗೈತೆ ನೋಡು."

ಹೊಗಳಿಕೆ ಬಾಯಿ ಕಟ್ಟಿತು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಪಾವು ರಾಗಿ ಹೋಗುತ್ತದೆ, ಅದರ ಹಿಂದೆ ಹತ್ತೊಂಬತ್ತು ತಟ್ಟೆಯೂ ಹೋಗುತ್ತವೆ. ಸ್ಕೂಲು ತೆರೆಯಲು ಇನ್ನೂ ಒಂದು ತಿಂಗಳಿದೆ. ಹಿಂದೂಪುರದ ಬೇಸಿಗೆ, ಗಾಳಿಯಲ್ಲಿ ತೇವವೆಲ್ಲಿದೆ, ನೆಯ್ದು ಮುಗಿಯುವವರೆಗೂ ಹೀಗೇ ಒಣಗಿಕೊಂಡಿದ್ದರೆ ಏನೂ ಆಗಲಾರದು ಅಂತ ಮನಸ್ಸು ಪಿಸುಗುಟ್ಟಿತು. "ಏನಿಲ್ಲ ಮಾವ, ಸುಮ್ಕೆ ಬಂದೆ" ಅಂದು ವಾಪಸಾದಳು.

ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡಿಸುವ ಸೀಮೆ ಅದು. ಆ ಮೂರು ದಿನ ಇಡೀ ಊರಿನಲ್ಲಿ ಮಳೆ ಬೇಡಪ್ಪ ಅಂತ ಕೈಮುಗಿದವಳು ಅವಳೊಬ್ಬಳೇ. ಚೌಡಮ್ಮನ ಗುಡಿಯ ಮುಂದೆ ನಿಂತು, "ಇನ್ನೊಂದ್ ವಾರ ತಡ್ಕೊಳವ್ವ" ಅಂದಳು. ಆ ಮಾತಿಗೆ ತನಗೇ ನಾಚಿಕೆಯಾಗಿ ತೀರ್ಥ ತೆಗೆದುಕೊಳ್ಳದೆ ಬಂದಳು.

ಗುರುವಾರ ಮಧ್ಯಾಹ್ನ ಪಡುವಲಿಂದ ಮೋಡ ಎದ್ದಿತು. ದಪ್ಪ ದಪ್ಪ ಹನಿ ಬಿದ್ದವು. ಬೀದಿಯ ಹೆಂಗಸರು ಸಂತೋಷಕ್ಕೆ ಬಾಗಿಲಿಗೆ ಬಂದು ನಿಂತರು. ರಾಮಕ್ಕ ಮಾತ್ರ ಆ ಮಳೆಯಲ್ಲಿ ನೆನೆದುಕೊಂಡೇ ಶಂಕರಯ್ಯನವರ ಮನೆಯ ಕಡೆ ನಡೆದಳು. ಇನ್ನು ಮುಚ್ಚಿಡುವುದಕ್ಕಿಂತ ಸಾಯುವುದು ಮೇಲು ಅನ್ನಿಸಿಬಿಟ್ಟಿತ್ತು.

ಶಂಕರಯ್ಯನವರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ಮಳೆಯ ತೇವಕ್ಕೆ ಆಗತಾನೇ ಮೊದಲ ಎಳೆ ಹರಿದಿತ್ತು. ಎಳೆ ಹರಿದರೆ ನೇಕಾರ ಏನು ಮಾಡುತ್ತಾನೆ? ತುದಿಯನ್ನು ನಾಲಗೆಗೆ ಮುಟ್ಟಿಸಿ, ಒದ್ದೆ ಮಾಡಿ, ಹೊಸೆದು ಕೂಡಿಸುತ್ತಾನೆ. ಅವರೂ ಹಾಗೇ ಒಂದು ತುದಿಯನ್ನು ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು. ಇನ್ನೊಂದು ಎಳೆಯನ್ನು ನೆಕ್ಕಿ ನೋಡಿದರು. ತಲೆಯೆತ್ತಿದರೆ ಬಾಗಿಲಲ್ಲಿ ರಾಮಕ್ಕ.

"ಉಪ್ಪು" ಅಂದರು ಅವರು.

"ಹೂಂ ಮಾವ. ನಾನೇ ಹಾಕ್ಬುಟ್ಟೆ." ಗಡಿಗೆ, ಮಕ್ಕಳು, ಸ್ಕೂಲಿನ ಬೀಗ, ಒಂದೂ ಬಿಡದೆ ಹೇಳಿದಳು.

"ಸೋಮವಾರ ಬಂದಿದ್ದೆಯಲ್ಲ, ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಶಂಕರಯ್ಯನವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಉಪ್ಪು ಬಿದ್ದದ್ದು ಕೈ ತಪ್ಪು. ನಾಕು ದಿನ ಬಾಯಿ ಮುಚ್ಕೊಂಡಿದ್ದು ಕೈ ತಪ್ಪಲ್ಲ ಕಣಮ್ಮ. ನಾಳೆಯಿಂದ ಗಂಜಿ ಪಕ್ಕದ್ಮನೆ ಎರ್ರಮ್ಮ ಕಾಯ್ಸಲಿ" ಅಂದು ಮಗ್ಗದ ಕಡೆ ತಿರುಗಿಕೊಂಡರು.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ರಾಮಕ್ಕ ಮನೆಗೆ ಬಂದಳು. ಮನೆಯಲ್ಲಿದ್ದ ಹಿಟ್ಟು ಇನ್ನೆರಡು ದಿನಕ್ಕೆ ಬಂತು. ಹುಣಸೆಯ ಕೆಲಸವೂ ಮಳೆಗೆ ನಿಂತುಹೋಗಿತ್ತು. ಭಾನುವಾರ ಮಕ್ಕಳು ಬಂದಾಗ ಒಲೆ ತಣ್ಣಗಿತ್ತು.

"ರುಚಿ ನೋಡೋ ಕೆಲ್ಸ ಇನ್ನಿಲ್ಲ ಕಣ್ರೋ" ಅಂದಳು, ಬೇರೆ ಎಲ್ಲೋ ನೋಡುತ್ತ.

ಬನಶಂಕರಿ ತಟ್ಟೆಯನ್ನು ಎದೆಗೆ ಅವಚಿಕೊಂಡಳು. "ನಾವು ಸರಿಯಾಗಿ ನೋಡ್ಲಿಲ್ವಾ ದೊಡ್ಡಮ್ಮ?"

ರಾಮಕ್ಕನಿಗೆ ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಆ ಉಪ್ಪಿನ ತಪ್ಪನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದವಳೇ ಆ ಹುಡುಗಿ. "ಇಲ್ಲ ಕಣವ್ವ, ನೀವು ಸರ್ಯಾಗೇ ನೋಡಿದ್ರಿ. ತಪ್ಪು ನಂದು" ಅಂತ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ನೋಡಿದರೆ ಮಕ್ಕಳು ಮನೆಗೆ ಹೋಗದೆ ಸ್ಕೂಲಿನ ಗೇಟಿನ ಮುಂದೆ ತಟ್ಟೆ ಹಿಡಿದು ನಿಂತಿದ್ದವು. ಒಂದು ವೇಳೆ ತೆಗೆದರೆ ಅಂತ.

ಸೋಮವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಶಂಕರಯ್ಯನವರು. ಹೆಗಲ ಮೇಲೆ ಒಂದು ಸಣ್ಣ ಹಿಟ್ಟಿನ ಚೀಲ, ಕೈಯಲ್ಲಿ ಹೊಸ ಗಡಿಗೆ. ಗಡಿಗೆಯ ಕುತ್ತಿಗೆಗೆ ಕೆಂಪು ನೂಲು ಮೂರು ಸುತ್ತು ಸುತ್ತಿತ್ತು. ಅವರ ಹಿಂದೆ, ಗೇಟಿನ ಹತ್ತಿರದಿಂದ ಕರೆದುಕೊಂಡು ಬಂದ ಹತ್ತೊಂಬತ್ತು ಮಕ್ಕಳು. ಏನೋ ನಡೆಯುತ್ತದೆ ಅಂತ ಬೀದಿಯವರೂ ಒಬ್ಬೊಬ್ಬರಾಗಿ ಬಂದು ನಿಂತರು. ಎಷ್ಟೋ ಮನೆಗಳಲ್ಲಿ ಮಗ್ಗದ ಸದ್ದು ನಿಂತಿತು.

ಶಂಕರಯ್ಯನವರು ಹಿಟ್ಟಿನ ಚೀಲವನ್ನು ಕೆಳಗಿಳಿಸಿದರು.

"ನಾಕು ದಿನದಿಂದ ಎಳೆ ಕೂಡಿಸ್ತಾ ಇದೀನಿ ಕಣಮ್ಮ. ಒಂದಾ ಎರಡಾ. ಗಾಳಿ ತೇವ ಆದಂಗೆಲ್ಲ ಹರೀತಾವೆ. ಹರಿದಂಗೆಲ್ಲ ನಾಲಿಗೇಗೆ ಮುಟ್ಟಿಸ್ತೀನಿ, ಕೂಡಿಸ್ತೀನಿ. ಒಂದೊಂದು ಎಳೇಲೂ ಉಪ್ಪು." ಅವರು ಮಕ್ಕಳ ಕಡೆ ತಿರುಗಿದರು. "ಯಾರ ಉಪ್ಪೂ ನನ್ ನಾಲಿಗೆ ಮ್ಯಾಲಿಲ್ಲ ಅಂತಿದ್ದೆ. ಈ ಕೂಸುಗಳ ಗಡಿಗೆಗೆ ಬೀಳ್ಬೇಕಾಗಿದ್ದ ಉಪ್ಪನ್ನ ನಾಕು ದಿನ ಕೂತು ನಾನೊಬ್ನೇ ತಿಂದಿದೀನಿ. ಇವು ನೋಡಿದ್ರೆ ಗೇಟಿನ ಮುಂದೆ ತಟ್ಟೆ ಹಿಡ್ಕೊಂಡು ನಿಂತವೆ. ಈ ಉಪ್ಪಿನ ಋಣ ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ, ಹೇಳಮ್ಮ."

ಅವರು ಗಡಿಗೆಯನ್ನು ಜಗುಲಿಯ ಮೇಲೆ ಇಟ್ಟರು.

"ಇದು ಉಪ್ಪಿನ ಗಡಿಗೆ. ಕೆಂಪು ನೂಲು ಕಟ್ಟಿದೀನಿ, ಇನ್ನು ಕೈ ತಪ್ಪಲ್ಲ. ಹಾಸು ಹಾಕೋರೆಲ್ಲ ಇನ್ಮೇಲೆ ನೂಲಿಗೊಂದು ಪಾಲು, ರುಚಿ ನೋಡೋರಿಗೊಂದು ಪಾಲು ಹಿಟ್ಟು ಕೊಡ್ಬೇಕು. ಎರ್ರಮ್ಮನ ಗಂಜಿ ಬರೀ ಗಂಟು. ರುಚಿ ನೋಡೋರು ಇಲ್ದಿದ್ರೆ ಹದ ಹೆಂಗಮ್ಮ ಬತ್ತೈತೆ?"

ಗುಂಪಿನಲ್ಲಿದ್ದ ಎರ್ರಮ್ಮ, "ನಾನೇನು ಬೇಕು ಅಂತ ಕೇಳಿದ್ನಾ ಈ ಕೆಲ್ಸ" ಅಂತ ಗೊಣಗಿದಳು. ಒಂದಿಬ್ಬರು ನಕ್ಕರು.

ರಾಮಕ್ಕನ ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು. ಒರೆಸಿಕೊಳ್ಳಲೂ ತೋಚದೆ ಕೈಮುಗಿದಳು. "ನಾನು ಮುಚ್ಚಿಟ್ಟೆ ಮಾವ. ಅದು ತಪ್ಪೇ."

"ತಪ್ಪೇ ಕಣಮ್ಮ. ಇನ್ನೊಂದ್ಸಲ ಮುಚ್ಚಿಡ್ಬೇಡ. ಒಲೆ ಹಚ್ಚು, ಮಕ್ಳು ಕಾಯ್ತವೆ."

ಒಲೆ ಹೊತ್ತಿತು. ಗಂಜಿ ಬೇಯುವಷ್ಟು ಹೊತ್ತೂ ಶಂಕರಯ್ಯನವರು ಮನೆಗೆ ಹೋಗಲಿಲ್ಲ. ಜಗುಲಿಯ ಮೇಲೆ ಮಕ್ಕಳು ಸಾಲಾಗಿ ಕೂತಾಗ ಪಂಚೆ ಮಡಿಸಿಕೊಂಡು ಸಾಲಿನ ಕೊನೆಗೆ ಅವರೂ ಕೂತರು. ಬನಶಂಕರಿ ತನ್ನ ಪಕ್ಕದವಳ ತಟ್ಟೆ ಕಿತ್ತು ಅವರ ಮುಂದಿಟ್ಟಳು. ರಾಮಕ್ಕ ಬಡಿಸಿದಳು. ಅರವತ್ತು ವರ್ಷ ಯಾರ ಮನೆಯಲ್ಲೂ ಬಿಟ್ಟಿ ತುತ್ತು ಮುಟ್ಟದ ಮನುಷ್ಯ ತಟ್ಟೆಯೆತ್ತಿ ಕುಡಿದರು.

"ತಾತ, ರುಚಿ ಹೇಳ್ಬೇಕು. ಸುಮ್ಕೆ ಕುಡೀಬಾರ್ದು" ಅಂದಳು ಬನಶಂಕರಿ.

"ಗಂಟಿಲ್ಲ" ಅಂದರು ಶಂಕರಯ್ಯನವರು. "ಉಪ್ಪೂ ಸರಿಯಾಗೈತೆ."

ಆಮೇಲಿನದು ಬೇಗ ಹೇಳಬಹುದು. ಲೇಪಾಕ್ಷಿಗೆ ಮೂರು ಸೀರೆ ಹೊತ್ತಿಗೆ ಸರಿಯಾಗಿ ಹೋದವು, ನಾಲ್ಕನೆಯದನ್ನು ಬೇರೆ ನೂಲಿನಲ್ಲಿ ನೆಯ್ದು ಕೊಟ್ಟರು. ಉಪ್ಪಿನ ಹಾಸಿನಲ್ಲಿ ಕೊನೆಗೆ ನೆಯ್ದ, ಮೈತುಂಬ ಗಂಟುಗಳಾದ ಸೀರೆಯನ್ನು ಶಂಕರಯ್ಯನವರು ರಾಮಕ್ಕನಿಗೆ ಕೊಟ್ಟು, "ಉಟ್ಕೊಳಮ್ಮ, ಒಗೆದ್ರೆ ಉಪ್ಪು ಹೋಯ್ತದೆ" ಅಂದರು. ಉಪ್ಪು ಹೋಯಿತು, ಗಂಟುಗಳು ಉಳಿದವು. ಕೆಂಪು ನೂಲಿನ ಗಡಿಗೆ ಅಂದಿನಿಂದ ಹದಿನಾಲ್ಕು ಬೇಸಿಗೆ ಒಲೆಯೇರಿತು. ಒಡೆದರೆ ಹೊಸದು ಬಂತು, ನೂಲು ಮಾತ್ರ ಅದೇ. ಬೀದಿಯಲ್ಲಿ ಯಾರ ಹಾಸಿನ ಹಿಟ್ಟು ಬಂದರೂ ಎರಡು ಪಾಲಾಗಿ ಬಂತು, ಯಾಕೆ ಅಂತ ಹೊಸ ಸೊಸೆಯರು ಕೇಳಿದರೆ, ರುಚಿ ನೋಡುವವರಿಗೆ ಅನ್ನುತ್ತಿದ್ದರು. ಶಂಕರಯ್ಯನವರು ಇದ್ದಷ್ಟು ದಿನ ಪ್ರತಿವರ್ಷ ರಜೆಯ ಮೊದಲ ದಿನ ಬಂದು ಆ ಸಾಲಿನಲ್ಲಿ ಕೂತು ಉಂಡು ಹೋದರು. ತಂಗಿಯ ಮನೆಗೂ ಹೋಗಿ ಉಂಡುಬಂದರಂತೆ. ಆಕೆ ಸತ್ತ ತಾಯಿಯೇ ಬಂದಷ್ಟು ಅತ್ತಳಂತೆ.

ತೊಂಬತ್ತಮೂರನೇ ಇಸವಿಯ ಮೇ ತಿಂಗಳಲ್ಲಿ ರಾಮಕ್ಕ ಕಲ್ಯಾಣದುರ್ಗಕ್ಕೆ ಹೋದಳು. ಕೂದಲು ಪೂರಾ ಬೆಳ್ಳಗಾಗಿತ್ತು, ಒಂದು ಕಣ್ಣಿಗೆ ಪೊರೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಗಂಟುಗಂಟಿನ ಆ ಸೀರೆಯನ್ನೇ ಉಟ್ಟಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದವಳು ಬನಶಂಕರಿ. ಟೀಚರ್ ಟ್ರೈನಿಂಗ್ ಮುಗಿಸಿ ಅಲ್ಲಿನ ಸ್ಕೂಲಿಗೆ ಸೇರಿ ಎರಡು ವರ್ಷವಾಗಿತ್ತು. ಕೈಹಿಡಿದು ಬೀದಿಬೀದಿ ದಾಟಿಸಿ, ಒಂದು ಜಗುಲಿಯ ಮುಂದೆ ನಿಲ್ಲಿಸಿದಳು.

ರಾಮಕ್ಕನಿಗೆ ಕಣ್ಣು ಮಂಜಾದರೂ ಜಾಗದ ಗುರುತು ಹತ್ತಿತು. ಅದು ಹಂಪಮ್ಮನ ಜಗುಲಿ. ಗುಬ್ಬಿಯ ಕಥೆಯನ್ನು ನೂರು ಸಲ ಕೇಳಿದ್ದ ಬನಶಂಕರಿ ಕಲ್ಯಾಣದುರ್ಗಕ್ಕೆ ಬಂದವಳೇ ಆ ಮನೆ ಹುಡುಕಿದ್ದಳು. ಹಂಪಮ್ಮನ ಮಗ ಮರುಳಸಿದ್ದಪ್ಪನವರಿಗೆ ಎಲ್ಲ ಹೇಳಿದ್ದಳು. ಅವರು ಒಳಗೆ ಹೋಗಿ ಒಂದು ಮೂಟೆ ರಾಗಿ ಹೊರಗೆ ತಂದಿಟ್ಟರಂತೆ. ಈಗ ಸ್ಕೂಲಿಗೆ ರಜೆ. ಜಗುಲಿಯ ಮೇಲೆ ಮೂವತ್ತು ಮಕ್ಕಳು ತಟ್ಟೆ ಹಿಡಿದು ಕೂತಿದ್ದವು. ಒಲೆಯ ಮೇಲಿನ ಪಾತ್ರೆಯ ಹಿಡಿಗೆ ಕೆಂಪು ನೂಲು ಸುತ್ತಿತ್ತು.

"ಕೂತ್ಕೋ ದೊಡ್ಡಮ್ಮ" ಅಂತ ಬನಶಂಕರಿ ಸಾಲಿನಲ್ಲಿ ಜಾಗ ಮಾಡಿದಳು.

ರಾಮಕ್ಕ ಕೂರಲಿಲ್ಲ. ನೇಕಾರರ ಬೀದಿಯಲ್ಲಿ ನಲವತ್ತು ವರ್ಷ ಬಾಳಿದವಳು, ಆ ರೋಗ ಅವಳಿಗೂ ಅಂಟಿತ್ತು. "ಮಕ್ಳ ಪಾಲು ಕಣೆ ಅದು. ಬಿಟ್ಟಿ ಹೆಂಗೆ ಉಣ್ಲಿ? ಏನಾದ್ರೂ ಕೆಲ್ಸ ಹೇಳು, ಪಾತ್ರೆ ತೊಳೀತೀನಿ" ಅಂದಳು.

ಬನಶಂಕರಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಬಿಟ್ಟಿ ಯಾರು ದೊಡ್ಡಮ್ಮ ಕೊಟ್ಟೋರು? ದಿನಾ ಕಾಯ್ಸಿ ಕಾಯ್ಸಿ ನನ್ ನಾಲಿಗೆ ಸತ್ತೋಗೈತೆ. ಯಾರಾದ್ರೂ ರುಚಿ ನೋಡಿ ಹೇಳ್ಬೇಕು. ಒಂದ್ ತುತ್ತಲ್ಲಿ ಗೊತ್ತಾಗಲ್ಲ, ತಟ್ಟೆ ಪೂರ್ತಿ ನೋಡ್ಬೇಕು."

ರಾಮಕ್ಕ ಎಲ್ಲವೂ ಅರ್ಥವಾಗಿ, ಏನೂ ಅರ್ಥವಾಗದವಳಂತೆ ಮಕ್ಕಳ ನಡುವೆ ಕೂತಳು. ಕಣ್ಣೊರೆಸಿಕೊಂಡು ಕುಡಿದಳು. ಹಂಪಮ್ಮನ ಜಗುಲಿ, ಐವತ್ತು ವರ್ಷದ ಹಿಂದಿನ ಅದೇ ಅಂಬಲಿಯ ಬಿಸಿ.

"ಉಪ್ಪು ಒಂದ್ ಚಿಟಿಕೆ ಕಮ್ಮಿ ಆಯ್ತು ಕಣೆ" ಅಂದಳು, ಇನ್ನೊಂದು ಸೌಟಿಗೆ ತಟ್ಟೆ ಚಾಚುತ್ತ.